ಹಕ್ಕಿಯ ಮುಂದೆ ನಿಲ್ಲುವ ನಾಯಿ: ಪಾಯಿಂಟರ್ ಮರಿಯನ್ನು ಪಳಗಿಸುವ ಬಗೆ

ಪಾಯಿಂಟರ್ ನಾಯಿಯ ಕೆಲಸ ಹಕ್ಕಿಯನ್ನು ಹಿಡಿಯುವುದಲ್ಲ, ತೋರಿಸುವುದು. ಹುಲ್ಲುಬಯಲಿನಲ್ಲಿ ಎಡಕ್ಕೂ ಬಲಕ್ಕೂ ಓಡಾಡುತ್ತ ಗಾಳಿ ಮೂಸುವ ಈ ನಾಯಿ, ಪೊದೆಯಡಿ ಅಡಗಿದ ಹಕ್ಕಿಯ ವಾಸನೆ ತಾಗಿದೊಡನೆ ಓಟದ ನಡುವೆಯೇ ಕಲ್ಲಾಗಿಬಿಡುತ್ತದೆ. ಕತ್ತು ಮುಂದಕ್ಕೆ ಚಾಚಿರುತ್ತದೆ, ಬಾಲ ಸೆಟೆದಿರುತ್ತದೆ, ಒಂದು ಮುಂಗಾಲು ಮಡಚಿಕೊಂಡು ಮೇಲೆದ್ದಿರುತ್ತದೆ. ಎತ್ತಿದ ಕಾಲನ್ನು ಇಳಿಸುವುದಕ್ಕೂ ಅದಕ್ಕೆ ಪುರುಸೊತ್ತಿಲ್ಲ. ಹೊಳ್ಳೆಗಳು ಅದುರುವುದು, ಪಕ್ಕೆ ಏರಿಳಿಯುವುದು ಬಿಟ್ಟರೆ ಮೈಯಲ್ಲಿ ಬೇರೆ ಚಲನೆಯೇ ಇರುವುದಿಲ್ಲ. ಇದನ್ನೇ ಪಾಯಿಂಟ್ ಮಾಡುವುದು ಎನ್ನುತ್ತಾರೆ. ಒಳ್ಳೆಯ ನಾಯಿ ತನ್ನ ಯಜಮಾನ ಬಯಲಿನ ಆ ತುದಿಯಿಂದ ನಡೆದು ಬರುವವರೆಗೂ ಹಾಗೆಯೇ ನಿಂತಿರುತ್ತದೆ.

ಇದು ಮನುಷ್ಯ ಸೊನ್ನೆಯಿಂದ ಕಲಿಸಿದ ವಿದ್ಯೆಯಲ್ಲ. ಬೇಟೆಯಾಡುವ ಪ್ರಾಣಿ ಮೊದಲು ಹುಡುಕುತ್ತದೆ, ಆಮೇಲೆ ದಿಟ್ಟಿಸುತ್ತದೆ, ಹೊಂಚು ಹಾಕುತ್ತದೆ, ಮೇಲೆರಗುತ್ತದೆ, ಕೊಲ್ಲುತ್ತದೆ. ಎರಗುವ ಮೊದಲು ಒಂದು ಗಳಿಗೆ ಉಸಿರು ಬಿಗಿಹಿಡಿದು ನಿಲ್ಲುವುದು ಬೆಕ್ಕು ನರಿಗಳಿಂದ ಹಿಡಿದು ಬೀದಿನಾಯಿಯವರೆಗೆ ಎಲ್ಲದರಲ್ಲೂ ಕಾಣುತ್ತದೆ. ಆ ಗಳಿಗೆ ಯಾವ ನಾಯಿಯಲ್ಲಿ ದೀರ್ಘವಾಗಿತ್ತೋ ಅಂಥವನ್ನೇ ಆರಿಸಿ, ತಲೆಮಾರುಗಳ ಕಾಲ ಜೋಡಿ ಮಾಡಿ ಬೆಳೆಸಿದ್ದರಿಂದ ನಿಮಿಷಗಟ್ಟಲೆ ನಿಲ್ಲುವ ತಳಿಗಳು ಹುಟ್ಟಿದವು. ಮರಿ ಪಾಯಿಂಟರ್ ಮೊದಲ ಬಾರಿ ಬಯಲಿಗೆ ಹೋದಾಗಲೇ ಕೆಲವೊಮ್ಮೆ ಪಾಯಿಂಟ್ ಮಾಡುತ್ತದೆ ಎಂಬುದನ್ನು ಚಾರ್ಲ್ಸ್ ಡಾರ್ವಿನ್ 1859ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಸಹಜಪ್ರವೃತ್ತಿಗೆ ಉದಾಹರಣೆಯಾಗಿ ಕೊಟ್ಟಿದ್ದಾನೆ. ಹೀಗಾಗಿ ಮರಿಗೆ ನಿಲ್ಲುವುದನ್ನು ಹೇಳಿಕೊಡುವುದಕ್ಕಿಂತ, ನಿಂತ ಮೇಲೆ ಮುಂದಿನ ಹೆಜ್ಜೆ ಇಡದಂತೆ ತಡೆಯುವುದೇ ತರಬೇತಿಯ ಮುಖ್ಯ ಭಾಗ. ಕಷ್ಟವಿರುವುದೂ ಅಲ್ಲೇ.

ಯೂರೋಪಿನಲ್ಲಿ ಕೋವಿ ಬಳಕೆಗೆ ಬರುವ ಮೊದಲೇ ಇಂಥ ನಾಯಿಗಳಿದ್ದವು. ನಾಯಿ ಹಕ್ಕಿಗಳ ಎದುರು ನೆಲಕ್ಕೆ ತಗ್ಗಿ ಕೂರುತ್ತಿತ್ತು, ಬೇಟೆಗಾರರು ಹಕ್ಕಿಗಳ ಮೇಲೆ ಬಲೆ ಎಳೆಯುತ್ತಿದ್ದರು. ಸೆಟ್ಟರ್ ತಳಿಗಳು ಆ ವಂಶದವು. ಆಮೇಲೆ ಹಾರುವ ಹಕ್ಕಿಗೆ ಗುಂಡು ಹೊಡೆಯುವ ರೂಢಿ ಬಂತು, ಗಟ್ಟಿಯಾಗಿ ನಿಲ್ಲುವ ನಾಯಿಗೆ ಬೆಲೆ ಏರಿತು. 1865ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರಿನ ಸೌತ್‌ಹಿಲ್‌ನಲ್ಲಿ ಪಾಯಿಂಟರ್ ಮತ್ತು ಸೆಟ್ಟರ್‌ಗಳ ಮೊದಲ ಬಯಲು ಸ್ಪರ್ಧೆ ನಡೆಯಿತು. ಇಂಗ್ಲಿಷ್ ಪಾಯಿಂಟರ್, ಐರಿಷ್ ಮತ್ತು ಗಾರ್ಡನ್ ಸೆಟ್ಟರ್‌ಗಳು, ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್, ಹಂಗೇರಿಯ ವಿಜ್ಲಾ, ಫ್ರಾನ್ಸಿನ ಬ್ರಿಟನಿ ಇಂದು ಹೆಸರಾಂತ ತಳಿಗಳು. ಬ್ರಿಟನ್ನಿನವು ಹುಡುಕಿ ತೋರಿಸುವುದಕ್ಕೆ ಸೀಮಿತ. ಜರ್ಮನಿ, ಹಂಗೇರಿಯಂಥ ದೇಶಗಳವು ಬಿದ್ದ ಹಕ್ಕಿಯನ್ನು ಕಚ್ಚಿ ತರುವ ಕೆಲಸವನ್ನೂ ಮಾಡುತ್ತವೆ.

ಕನ್ನಡ ಓದುಗರಿಗೆ ಹೆಚ್ಚು ಪರಿಚಿತವಾದ ಬೇಟೆನಾಯಿಗಳು ಬೇರೆ ಬಗೆಯವು. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯಲ್ಲಿ ಬರುವ ‘ಕಿವಿ’ ಎಂಬ ನಾಯಿ ಸ್ಪೇನಿಯಲ್ ಜಾತಿಯದು. ಸ್ಪೇನಿಯಲ್ ಪೊದೆಯೊಳಗೆ ನುಗ್ಗಿ ಹಕ್ಕಿಯನ್ನು ಎಬ್ಬಿಸುತ್ತದೆ, ಅದರ ಮುಂದೆ ನಿಲ್ಲುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯದು ಮೂಗಿಗಿಂತ ಕಣ್ಣನ್ನು ನಂಬುವ ವಂಶ. ದೂರದಲ್ಲಿ ಮೊಲ ಓಡಿದ್ದು ಕಂಡರೆ ಬಾಣದ ವೇಗದಲ್ಲಿ ಬೆನ್ನಟ್ಟುವುದು ಅದರ ಜಾಯಮಾನ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಈ ತಳಿಯನ್ನು ಕಾಪಾಡುತ್ತಿದೆ, 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಅಂಚೆಚೀಟಿಯನ್ನೂ ಹೊರತಂದಿತು. ಮುಧೋಳದ ಮರಿಗೂ ಪಾಯಿಂಟರ್ ಮರಿಗೂ ಒಂದೇ ಪಾಠ ಹೇಳಹೊರಟರೆ ಎರಡೂ ಕೆಡುತ್ತವೆ.

ಬೆಂಗಳೂರಿನ ಸುತ್ತಲೂ ಒಂದು ಕಾಲಕ್ಕೆ ಹಕ್ಕಿಬೇಟೆ ಜೋರಾಗಿಯೇ ಇತ್ತು. ದಂಡಿನ ಬ್ರಿಟಿಷ್ ಅಧಿಕಾರಿಗಳು ಚಳಿಗಾಲದಲ್ಲಿ ಕೆರೆಯಂಚಿನ ಕೆಸರಿಗೆ ವಲಸೆ ಬರುವ, ಉದ್ದ ಕೊಕ್ಕಿನ ಸ್ನೈಪ್ ಹಕ್ಕಿಗಳ ಬೆನ್ನು ಹತ್ತುತ್ತಿದ್ದರು. 1896ರಲ್ಲಿ ಸೇನೆಯೊಂದಿಗೆ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಕೂಡ ಊರಿನ ಜೌಗಿನಲ್ಲಿ ಸ್ನೈಪ್ ಹೇರಳವಾಗಿದ್ದುದನ್ನು ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ. ರಾಜಾಜಿನಗರ ಬಡಾವಣೆ ಹುಟ್ಟುವ ಮೊದಲು ಕುರುಬರಹಳ್ಳಿ ಕೂಡ ಹೊಲಗಳ ನಡುವಿನ ಹಳ್ಳಿಯೇ. ಇಂದು ಅಲ್ಲಿ ಹೊಲವಿಲ್ಲ. ಮೂವತ್ತು–ನಲವತ್ತರ ಸೈಟುಗಳಲ್ಲಿ ಎದ್ದ ಮನೆಗಳ ಟೆರೇಸು, ನೀರಿನ ಟ್ಯಾಂಕಿನ ಮೇಲೆ ಸಾಲುಗಟ್ಟಿ ಕೂತ ಪಾರಿವಾಳ, ಬೀದಿಗೊಂದು ನಾಯಿಗುಂಪು, ಇವಿಷ್ಟೇ ಅಲ್ಲಿ ಬೆಳೆಯುವ ಪಾಯಿಂಟರ್ ಮರಿಯ ಪ್ರಪಂಚ. ಆದರೂ ಮರಿಯ ರಕ್ತದಲ್ಲಿರುವುದು ಹೋಗುವುದಿಲ್ಲ. ಟೆರೇಸಿನ ಪ್ಯಾರಪೆಟ್ ಮೇಲೆ ಪಾರಿವಾಳ ಇಳಿದರೆ ಮೂರು ತಿಂಗಳ ಮರಿ ಕಾಲೆತ್ತಿ ನಿಲ್ಲಬಹುದು.

ಈ ನಿಲುವು ಕಣ್ಣಿನಿಂದ ಬಂದದ್ದೋ ಮೂಗಿನಿಂದ ಬಂದದ್ದೋ ಎಂಬುದು ತರಬೇತಿಯಲ್ಲಿ ದೊಡ್ಡ ಪ್ರಶ್ನೆ. ಮರಿಯ ಒಲವನ್ನು ನೋಡಲು ಬೇರೆ ದೇಶಗಳಲ್ಲಿ ಒಂದು ಹಳೆಯ ಉಪಾಯವಿದೆ. ಗಾಳದ ಕೋಲಿಗೆ ದಾರ ಕಟ್ಟಿ, ಅದರ ತುದಿಗೆ ಹಕ್ಕಿಯ ರೆಕ್ಕೆ ಸಿಕ್ಕಿಸಿ ಮರಿಯ ಮುಂದೆ ಕುಣಿಸುತ್ತಾರೆ. ಅಟ್ಟಿಸಿಕೊಂಡು ಹೋದಷ್ಟೂ ರೆಕ್ಕೆ ಕೈಗೆ ಸಿಗದಂತೆ ಹಾರಿಹೋಗುತ್ತದೆ. ಅಟ್ಟಿ ಪ್ರಯೋಜನವಿಲ್ಲವೆಂದು ತಿಳಿದ ಮರಿ ತಾನಾಗಿ ನಿಂತು ಗುರಿಹಿಡಿಯುತ್ತದೆ. ನೋಡುವವರಿಗೆ ಇದು ಬಹಳ ಮುದ್ದಾದ ಆಟ. ಆದರೆ ನುರಿತವರು ಎರಡು ಮೂರು ಸಲಕ್ಕಿಂತ ಹೆಚ್ಚು ಆಡಿಸುವುದಿಲ್ಲ. ಇದೇ ಚಟವಾದರೆ ನಾಯಿ ಕಣ್ಣಿಗೆ ಕಂಡದ್ದರ ಮುಂದೆ ಮಾತ್ರ ನಿಲ್ಲುವುದನ್ನು ಕಲಿಯುತ್ತದೆ. ಬಯಲಿನ ಹಕ್ಕಿಯಾದರೋ ಕಣ್ಣಿಗೆ ಬೀಳುವುದೇ ಇಲ್ಲ.

ನಾಯಿಯ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 20 ಕೋಟಿಗೂ ಮಿಕ್ಕಿವೆ, ಮನುಷ್ಯನಲ್ಲಿ 50–60 ಲಕ್ಷದಷ್ಟು. ಆದರೆ ಪಾಯಿಂಟರ್‌ನ ಹೆಚ್ಚುಗಾರಿಕೆ ಮೂಗನ್ನು ಬಳಸುವ ರೀತಿಯಲ್ಲಿದೆ. ಪೊಲೀಸ್ ನಾಯಿ ಕಳ್ಳನ ಜಾಡನ್ನು ನೆಲ ಮೂಸುತ್ತ ಹಿಂಬಾಲಿಸಿದರೆ, ಪಾಯಿಂಟರ್ ತಲೆಯೆತ್ತಿ ಗಾಳಿಯಲ್ಲಿ ತೇಲಿಬರುವ ವಾಸನೆಯನ್ನು ಹಿಡಿಯುತ್ತದೆ. ಹಕ್ಕಿ ಕೂತ ಜಾಗದಿಂದ ವಾಸನೆ ಗಾಳಿ ಬೀಸುವ ದಿಕ್ಕಿಗೆ ಹರಡುತ್ತ, ದೂರ ಹೋದಂತೆ ಅಗಲವಾಗಿ ತೆಳುವಾಗುತ್ತದೆ. ನಾಯಿ ಗಾಳಿಗೆ ಮುಖಕೊಟ್ಟು ಅಡ್ಡಡ್ಡ ಓಡಿದರೆ ಆ ಹರಹನ್ನು ಎಲ್ಲಾದರೂ ಒಂದೆಡೆ ದಾಟಲೇಬೇಕು. ಆದ್ದರಿಂದ ಮರಿಯನ್ನು ಬಯಲಿಗೆ ಇಳಿಸುವಾಗ ಗಾಳಿ ಎದುರಿಂದ ಬರುವಂತೆ ನೋಡಿಕೊಳ್ಳುವುದು ಮೊದಲ ನಿಯಮ. ಯಜಮಾನ ಎಡಕ್ಕೂ ಬಲಕ್ಕೂ ತಿರುಗಿ ನಡೆಯುತ್ತಾನೆ, ಮರಿ ಅವನ ಮುಂದೆ ಅಡ್ಡಡ್ಡ ಓಡುವುದನ್ನು ರೂಢಿಸಿಕೊಳ್ಳುತ್ತದೆ. ಬೆಳಗಿನ ತಂಪು, ನೆಲದ ತೇವ ವಾಸನೆಗೆ ಅನುಕೂಲ. ಬಿಸಿಲೇರಿ ನೆಲ ಒಣಗಿದ ಮೇಲೆ ವಾಸನೆ ನಿಲ್ಲದು. ನಾಲಿಗೆ ಚಾಚಿ ಏದುಸಿರು ಬಿಡುವ ನಾಯಿಗೆ ಮೂಸುವ ಶಕ್ತಿಯೂ ತಗ್ಗುತ್ತದೆ.

ಹಕ್ಕಿಯ ಹತ್ತಿರ ಹೋಗುವ ಮೊದಲು ಮರಿಗೆ ಎರಡು ಪಾಠ ಬರಬೇಕು. ಕರೆದರೆ ಬರುವುದು ಒಂದು, ‘ನಿಲ್ಲು’ ಎಂದರೆ ಇದ್ದಲ್ಲೇ ನಿಲ್ಲುವುದು ಇನ್ನೊಂದು. ನಿಲ್ಲುವ ಪಾಠವನ್ನು ನೆಲದಿಂದ ಗೇಣುದ್ದ ಎತ್ತರದ ಹಲಗೆಯ ಮೇಲೆ ಹೇಳಿಕೊಡುತ್ತಾರೆ. ನಾಲ್ಕೂ ಪಾದ ಹಲಗೆಯ ಮೇಲಿದ್ದರೆ ತಿಂಡಿ, ಇಳಿದರೆ ಗದರದೆ ಮತ್ತೆ ಮೇಲೆ. ಹಲಗೆಯ ಅಂಚು ಕಾಲಿಗೆ ತಿಳಿಯುವುದರಿಂದ ನಿಲ್ಲುವುದು ಎಂದರೇನೆಂದು ಮರಿಗೆ ಬೇಗ ಅರ್ಥವಾಗುತ್ತದೆ. ಮೊದಲು ನಾಲ್ಕೈದು ಸೆಕೆಂಡು, ಆಮೇಲೆ ಅರ್ಧ ನಿಮಿಷ, ಆಮೇಲೆ ಸುತ್ತ ಜನ ನಡೆದಾಡುವಾಗ, ಕೊನೆಗೆ ಕಣ್ಣೆದುರು ಚೆಂಡು ಉರುಳಿದಾಗ. ಹಲಗೆಯ ಮೇಲೆ ಪಾಠ ಗಟ್ಟಿಯಾದ ಮೇಲಷ್ಟೇ ಅದನ್ನು ಬರಿನೆಲಕ್ಕೆ ಇಳಿಸುವುದು. ಈ ಘಟ್ಟದಲ್ಲಿ ಅವಸರ ಮಾಡಿದವರು ಹಕ್ಕಿಯ ಮುಂದೆ ಕಷ್ಟಪಡುತ್ತಾರೆ.

ಆಮೇಲೆ ಹಕ್ಕಿಯ ಪರಿಚಯ. ಮರಿಗೆ ಐದಾರು ತಿಂಗಳಾಗುವ ಹೊತ್ತಿಗೆ ಅಮೆರಿಕ, ಯೂರೋಪಿನ ತರಬೇತುದಾರರು ಸಾಮಾನ್ಯವಾಗಿ ಪಾರಿವಾಳದಿಂದ ಶುರುಮಾಡುತ್ತಾರೆ. ಬಾಗಿಲು ಚಿಮ್ಮಿ ತೆರೆಯುವ ಸಣ್ಣ ಪೆಟ್ಟಿಗೆಯಲ್ಲಿ ಪಾರಿವಾಳವಿಟ್ಟು ಹುಲ್ಲಿನ ನಡುವೆ ಬಚ್ಚಿಡುತ್ತಾರೆ. ಗೂಡಿಗೆ ಮರಳುವ ತಳಿಯ ಪಾರಿವಾಳವಾದ್ದರಿಂದ ಹಾರಿದ್ದು ಸೀದಾ ಮನೆ ಸೇರುತ್ತದೆ, ನಾಳೆ ಮತ್ತೆ ಕೆಲಸಕ್ಕೆ ಬರುತ್ತದೆ. ಮರಿಯ ಕೊರಳಪಟ್ಟಿಗೆ ಇಪ್ಪತ್ತು–ಮೂವತ್ತು ಅಡಿಯ ಹಗ್ಗ ಕಟ್ಟಿ, ಗಾಳಿ ಬೀಸಿಹೋಗುವ ಕಡೆಯಿಂದ ಅಡ್ಡಲಾಗಿ ಕರೆತರುತ್ತಾರೆ. ವಾಸನೆ ತಾಗಿದಾಗ ಅದರ ತಲೆ ಗಕ್ಕನೆ ಪೆಟ್ಟಿಗೆಯತ್ತ ತಿರುಗುತ್ತದೆ. ಆ ಕ್ಷಣದಲ್ಲಿ ಯಜಮಾನ ಬಾಯಿ ಬಿಡಬಾರದು. ಶಹಬ್ಬಾಸ್ ಎನ್ನುವುದೂ ಬೇಡ, ನಿಲ್ಲು ಎನ್ನುವುದೂ ಬೇಡ. ಮರಿ ನಿಂತರೆ ನಿಲ್ಲಲಿ. ಅದು ಒಂದು ಹೆಜ್ಜೆ ಮುಂದಿಟ್ಟರೆ ಪೆಟ್ಟಿಗೆ ತೆರೆದುಕೊಳ್ಳುತ್ತದೆ, ಹಕ್ಕಿ ಬರ್ರನೆ ಹಾರಿಹೋಗುತ್ತದೆ. ಮರಿ ಹಿಂದೆ ಓಡಿದರೆ ಹಗ್ಗ ಮೆಲ್ಲಗೆ ತಡೆಯುತ್ತದೆ. ಹತ್ತಾರು ಸಲ ಹೀಗಾದ ಮೇಲೆ ಅದಕ್ಕೇ ಲೆಕ್ಕ ಸಿಗುತ್ತದೆ: ತಾನು ಕದಲಿದರೆ ಹಕ್ಕಿ ಇಲ್ಲ, ತಾನು ನಿಂತರೆ ಹಕ್ಕಿ ಅಲ್ಲೇ ಇರುತ್ತದೆ. ಮನುಷ್ಯನ ಬೈಗುಳಕ್ಕಿಂತ ಹಕ್ಕಿ ಕಲಿಸಿದ ಈ ಪಾಠ ಬಹುಕಾಲ ಉಳಿಯುತ್ತದೆ.

ಎಂಥ ಹಕ್ಕಿಯ ಮೇಲೆ ಗಮನವಿಡಬೇಕು ಎಂಬುದು ಮುಂದಿನ ಮೆಟ್ಟಿಲು. ಎಳೆಯ ನಾಯಿಗೆ ಎಲ್ಲ ವಾಸನೆಯೂ ಆಸಕ್ತಿಯದೇ. ನೆಲಗುಬ್ಬಿಯ ಮುಂದೆಯೂ ನಿಲ್ಲುತ್ತದೆ, ಹೆಗ್ಗಣದ ಬಿಲದ ಮುಂದೆಯೂ ನಿಲ್ಲುತ್ತದೆ, ಹಕ್ಕಿ ಎದ್ದುಹೋದ ಬರಿಯ ಜಾಗದ ಮುಂದೆಯೂ ನಿಲ್ಲುತ್ತದೆ. ಇದಕ್ಕೆ ಶಿಕ್ಷೆ ಕೊಟ್ಟರೆ ಕೆಲಸ ಕೆಡುತ್ತದೆ. ಏಕೆಂದರೆ ಪೆಟ್ಟು ಬಿದ್ದದ್ದು ಯಾವುದಕ್ಕೆಂದು ನಾಯಿಗೆ ತಿಳಿಯದು. ಬೇಡದ ಪಾಯಿಂಟ್‌ಗೆ ಯಜಮಾನ ತಲೆಕೆಡಿಸಿಕೊಳ್ಳದೆ ಮುಂದೆ ನಡೆದುಬಿಡುತ್ತಾನೆ. ಬೇಕಾದ ಹಕ್ಕಿಯಾದರೆ ಬಳಿಗೆ ಬರುತ್ತಾನೆ, ಹಕ್ಕಿಯನ್ನು ಎಬ್ಬಿಸುತ್ತಾನೆ, ನಾಯಿಯ ಬೆನ್ನು ಸವರುತ್ತಾನೆ. ಯಾವ ವಾಸನೆಗೆ ಯಜಮಾನ ಬರುತ್ತಾನೋ ಆ ವಾಸನೆಯೇ ನಾಯಿಗೆ ಮುಖ್ಯವಾಗುತ್ತ ಹೋಗುತ್ತದೆ. ಕಾಡುಹಕ್ಕಿಗಳಿರುವ ಬಯಲಿನಲ್ಲಿ ಒಂದು ಋತು ಓಡಾಡಿದ ನಾಯಿಗೆ ನೆಲಗುಬ್ಬಿಯ ಮೇಲಿನ ಮೋಹ ತಾನಾಗಿ ಇಳಿಯುತ್ತದೆ.

ಹಕ್ಕಿಯ ಸ್ವಭಾವವೂ ಇಲ್ಲಿ ಸೇರಿಕೊಳ್ಳುತ್ತದೆ. ಅಪಾಯ ಕಂಡಾಗ ಹಾರದೆ ನೆಲಕ್ಕಂಟಿ ಕೂರುವ ಹಕ್ಕಿಗಳಿರುವುದರಿಂದಲೇ ಪಾಯಿಂಟರ್‌ಗೆ ಕೆಲಸವಿದೆ. ಸ್ಕಾಟ್ಲೆಂಡಿನ ಗ್ರೌಸ್, ಅಮೆರಿಕದ ಬಾಬ್‌ವೈಟ್ ಎಂಬ ಲಾವಕ್ಕಿ ಅಂಥವು. ಕರ್ನಾಟಕದ ಕುರುಚಲು ಕಾಡಿನ ಲಾವಕ್ಕಿಗಳೂ ಹಾಗೆಯೇ. ಕಾಲಿಗೆ ತಾಗುವವರೆಗೂ ಗುಂಪಾಗಿ ಅಡಗಿದ್ದು, ಕೊನೆಗಳಿಗೆಯಲ್ಲಿ ನಾಲ್ಕು ದಿಕ್ಕಿಗೂ ಸಿಡಿದು ಹಾರುತ್ತವೆ. ನಮ್ಮ ಗೌಜಲಕ್ಕಿಯ ರೀತಿ ಬೇರೆ. ಅದು ಹಾರುವ ಬದಲು ಬೇಲಿಯ ಬುಡ ಹಿಡಿದು ಓಡುತ್ತದೆ. ಓಡುವ ಹಕ್ಕಿಯ ಮುಂದೆ ಪಾಯಿಂಟ್ ಹಿಡಿಯುವುದು ಅನುಭವಿ ನಾಯಿಗೂ ಕಷ್ಟ.

ನಿಲುವು ಗಟ್ಟಿಯಾದ ಮೇಲೆ ಉಳಿದದ್ದು ಮೂರು ವಿಷಯ. ಹಕ್ಕಿ ಹಾರಿದಾಗಲೂ ಕದಲದಿರುವುದು. ಗುಂಡಿನ ಸದ್ದಿಗೆ ಬೆಚ್ಚದಿರುವುದು. ಜೊತೆಯ ನಾಯಿ ಪಾಯಿಂಟ್ ಮಾಡಿದ್ದು ಕಂಡರೆ ತನಗೆ ವಾಸನೆ ಸಿಗದಿದ್ದರೂ ಹಿಂದೆಯೇ ನಿಂತು ಗೌರವಿಸುವುದು. ಸದ್ದಿನ ವಿಷಯದಲ್ಲಿ ಒಂದೇ ದಿನದ ಎಡವಟ್ಟು ನಾಯಿಯ ಇಡೀ ಬಾಳನ್ನು ಕೆಡಿಸಬಲ್ಲದು. ಹಾಗಾಗಿ ಮರಿ ಹಕ್ಕಿಯ ಹಿಂದೆ ಮೈಮರೆತಿರುವಾಗ, ದೂರದಲ್ಲಿ, ಸಣ್ಣ ಸದ್ದಿನಿಂದ ಶುರುಮಾಡಿ ವಾರಗಟ್ಟಲೆ ಸಮಯ ತೆಗೆದುಕೊಂಡು ಹತ್ತಿರ ತರುತ್ತಾರೆ. ಹಕ್ಕಿಯ ಹತ್ತಿರ ಏಟು ತಿಂದ ನಾಯಿಯಲ್ಲಿ ಇನ್ನೊಂದು ದೋಷ ಕಾಣಿಸಿಕೊಳ್ಳುತ್ತದೆ. ವಾಸನೆ ಬಂದರೂ ಬಾರದಂತೆ ಮುಖ ತಿರುಗಿಸಿ ಹೋಗಿಬಿಡುತ್ತದೆ. ಇದು ಹುಟ್ಟಿನಿಂದ ಬಂದ ದೋಷವಲ್ಲ, ಮನುಷ್ಯನ ಒರಟು ಕೈ ಹುಟ್ಟಿಸಿದ್ದು. ಸರಿಪಡಿಸುವುದು ಬಹಳ ಕಷ್ಟ.

ಇಷ್ಟೂ ಪಾಠಗಳನ್ನು ಭಾರತದಲ್ಲಿ ಹೀಗೆಯೇ ನಡೆಸಲು ಕಾನೂನು ಬಿಡುವುದಿಲ್ಲ, ಬಿಡಲೂಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಪರವಾನಗಿ ಪಡೆದು ಸಣ್ಣಪುಟ್ಟ ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಕಾಯ್ದೆಯ ಪ್ರಕಾರ ಕೊಲ್ಲುವುದು ಮಾತ್ರ ಬೇಟೆಯಲ್ಲ. ಹಿಡಿಯುವುದು, ನಾಯಿ ಬಿಟ್ಟು ಬೆನ್ನಟ್ಟಿಸುವುದು, ಸೋವುವುದು, ಅದಕ್ಕೆ ಯತ್ನಿಸುವುದು ಎಲ್ಲವೂ ಬೇಟೆಯೇ. ಗೌಜಲಕ್ಕಿ, ಲಾವಕ್ಕಿ, ಕಾಡುಕೋಳಿ, ನವಿಲು ಎಲ್ಲಕ್ಕೂ ಈ ರಕ್ಷಣೆಯಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇನ್ನೊಂದು ಕಡೆಯಿಂದ ಬಾಗಿಲು ಮುಚ್ಚುತ್ತದೆ. ಮೋಜಿಗಾಗಿ ಒಂದು ಪ್ರಾಣಿಯನ್ನು ಕೂಡಿಹಾಕಿ ಇನ್ನೊಂದರ ಬಾಯಿಗೆ ಒಡ್ಡುವುದು, ಸೆರೆಯಿಂದ ಬಿಟ್ಟ ಪ್ರಾಣಿಗಳಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುವುದು ಅಪರಾಧ. ಹುಲ್ಲುಗಾವಲುಗಳೇ ಕರಗುತ್ತಿರುವ ನಾಡಿನಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಈ ಹಕ್ಕಿಗಳಿಗೆ ಇಷ್ಟಾದರೂ ಆಸರೆ ಬೇಕು.

ಕುರುಬರಹಳ್ಳಿಯಿಂದ ಸ್ವಲ್ಪ ದೂರದ ಜ್ಞಾನಭಾರತಿ ಆವರಣ ಇದಕ್ಕೆ ಹತ್ತಿರದ ನಿದರ್ಶನ. ಬೆಂಗಳೂರು ವಿಶ್ವವಿದ್ಯಾಲಯದ ಆ ವಿಸ್ತಾರವಾದ ಹಸಿರಿನಲ್ಲಿ ನವಿಲುಗಳಿವೆ. ಬೆಳಗಿನ ವಾಕಿಂಗ್‌ಗೆ ಹೋದವರು ಪಾಯಿಂಟರ್ ನಾಯಿಯ ಬೆಲ್ಟ್ ಬಿಚ್ಚಿದರೆ ಅದು ಮಾಡುವ ಕೆಲಸ ಅದರ ಜಾತಿಗೆ ಸಹಜ, ಕಾನೂನಿಗೆ ಮಾತ್ರ ಅಪರಾಧ. ನಾಯಿ ಕಚ್ಚದಿದ್ದರೂ ಕಾವಿಗೆ ಕೂತ ಹೆಣ್ಣುನವಿಲು ಗೂಡು ಬಿಟ್ಟು ಎದ್ದರೆ ಮೊಟ್ಟೆಗಳು ಕಾಗೆಯ ಪಾಲು. ಅಂಥ ಜಾಗಗಳಲ್ಲಿ ಬೆಲ್ಟ್ ಬಿಚ್ಚಲೇಬಾರದು.

ಹಾಗೆಂದು ನಾಯಿಯ ಮೂಗನ್ನು ಸುಮ್ಮನೆ ಕೂರಿಸಬೇಕಿಲ್ಲ. ಬೆಂಗಳೂರು ದಕ್ಷಿಣದ ತರಳುವಿನಲ್ಲಿ ಸಿಆರ್‌ಪಿಎಫ್‌ನ ಶ್ವಾನ ತರಬೇತಿ ಶಾಲೆಯಿದೆ. ಇಂಥ ಶಾಲೆಗಳಲ್ಲಿ ಸ್ಫೋಟಕ ಹುಡುಕುವ ನಾಯಿಗಳು ಕಲಿಯುವ ಪಾಠ ಪಾಯಿಂಟರ್‌ನ ಪಾಠಕ್ಕೆ ಬಹಳ ಹತ್ತಿರದ್ದು. ವಾಸನೆ ಸಿಕ್ಕ ಕೂಡಲೇ ಅವು ಮುಟ್ಟುವುದಿಲ್ಲ, ಕೆದಕುವುದಿಲ್ಲ. ಸುಮ್ಮನೆ ಕೂತು ಆ ಕಡೆ ನೋಡುತ್ತವೆ. ಪಾಯಿಂಟರ್‌ಗೆ ಹುಟ್ಟಿನಿಂದ ಬಂದ ತಡೆಯನ್ನು ಇವು ಬಹುಮಾನದ ಆಸೆಯಿಂದ ಕಲಿಯುತ್ತವೆ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ರಾಣಾ ಎಂಬ ಜರ್ಮನ್ ಶೆಫರ್ಡ್ ಕಳ್ಳಬೇಟೆಯ ತನಿಖೆಯಲ್ಲೂ ಹುಲಿಯ ಜಾಡು ಹಿಡಿಯುವುದರಲ್ಲೂ ಹೆಸರು ಮಾಡಿತು. ಹೊರದೇಶಗಳಲ್ಲಿ ಪಾಯಿಂಟರ್‌ಗಳೇ ಹಕ್ಕಿ ಸಂರಕ್ಷಣೆಗೆ ಇಳಿದಿವೆ. ನಾರ್ವೆ ಮತ್ತು ಸ್ಕಾಟ್ಲೆಂಡಿನಲ್ಲಿ ನೆಲಹಕ್ಕಿಗಳ ಗಣತಿಗೆ ಇವನ್ನು ಬಳಸುತ್ತಾರೆ. ಎಣಿಸುವವರು ನಿಗದಿತ ಗೆರೆಯ ಮೇಲೆ ನಡೆಯುತ್ತಾರೆ, ನಾಯಿ ನಿಂತಲ್ಲಿ ಎಷ್ಟು ಹಕ್ಕಿ ಎದ್ದವು, ಮರಿಗಳೆಷ್ಟು ಎಂದು ಬರೆದುಕೊಳ್ಳುತ್ತಾರೆ. ನ್ಯೂಜಿಲೆಂಡಿನಲ್ಲಿ ರಿಚರ್ಡ್ ಹೆನ್ರಿ ಎಂಬಾತ 1890ರ ದಶಕದಲ್ಲೇ ಬಾಯಿಗೆ ಕುಕ್ಕೆ ಕಟ್ಟಿದ ನಾಯಿಯಿಂದ ಹಾರಲಾರದ ಕಾಕಪೊ ಗಿಳಿಗಳನ್ನು ಹುಡುಕಿಸಿ, ಶತ್ರುಗಳಿಲ್ಲದ ದ್ವೀಪಕ್ಕೆ ಸಾಗಿಸಿದ. ಅಲ್ಲಿನ ಸರ್ಕಾರ ಇಂದಿಗೂ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಟ್ಟ ನಾಯಿಗಳನ್ನು ಈ ಕೆಲಸಕ್ಕೆ ಬಳಸುತ್ತದೆ.

ಕುರುಬರಹಳ್ಳಿಯ ಮನೆಯಲ್ಲಿ ಮಾಡಬಹುದಾದದ್ದು ಇದರ ಸಣ್ಣ ರೂಪ. ಲಸಿಕೆಗಳು ಮುಗಿಯುವವರೆಗೆ ಮರಿಯನ್ನು ಬೀದಿಗೆ ಇಳಿಸುವಂತಿಲ್ಲ, ಪಾರ್ವೊ ಕಾಯಿಲೆಯ ಭಯವಿದೆ. ಆ ವಾರಗಳಲ್ಲಿ ಟೆರೇಸೇ ಶಾಲೆ. ಹಲಗೆಯ ಪಾಠ ಅಲ್ಲೇ ಆಗಬೇಕು. ಪಾರಿವಾಳ ಇಳಿದಾಗ ಮರಿ ನಿಂತರೆ ಹಗ್ಗ ಹಿಡಿದು ಸುಮ್ಮನಿರುವುದು, ನುಗ್ಗಿದರೆ ತಡೆಯುವುದು, ಪಾರಿವಾಳ ಹಾರಿಹೋದ ಮೇಲೂ ನಿಂತೇ ಇದ್ದರೆ ತಿಂಡಿ ಕೊಡುವುದು. ಪ್ಯಾರಪೆಟ್ ಗಿಡ್ಡವಾಗಿದ್ದರೆ ಹಗ್ಗವಿಲ್ಲದೆ ಬಿಡಬಾರದು. ಹಕ್ಕಿಯ ಹಿಂದೆ ಹಾರಿದ ಮರಿಗೆ ಮಹಡಿಯ ಎತ್ತರ ತಿಳಿಯದು.

ಮೂಗಿಗೆ ಕೆಲಸ ಕೊಡಲು ಅಡುಗೆಮನೆಯ ಲವಂಗ ಸಾಕು. ವಾಸನೆ ಹುಡುಕುವ ಕ್ರೀಡೆಗಳಲ್ಲಿ ಲವಂಗದೆಣ್ಣೆಯನ್ನು ಅಧಿಕೃತವಾಗಿಯೇ ಬಳಸುತ್ತಾರೆ. ಹತ್ತಿಯ ಉಂಡೆಯನ್ನು ಲವಂಗದೊಂದಿಗೆ ಒಂದು ರಾತ್ರಿ ಮುಚ್ಚಿಟ್ಟು, ತೂತು ಮಾಡಿದ ಡಬ್ಬಿಯಲ್ಲಿ ಆ ಹತ್ತಿಯನ್ನಷ್ಟೇ ಇಡಬೇಕು. ಪಕ್ಕದಲ್ಲಿ ಅಂಥದೇ ಎರಡು ಖಾಲಿ ಡಬ್ಬಿ. ಮರಿ ಸರಿಯಾದ ಡಬ್ಬಿಯ ಮುಂದೆ ನಿಂತ ತಕ್ಷಣ ತಿಂಡಿ ಕೊಡಬೇಕು, ಅದೂ ಡಬ್ಬಿಯ ಹತ್ತಿರವೇ. ಮೂರು ಡಬ್ಬಿ ಆರಾದ ಮೇಲೆ ಹೂಕುಂಡಗಳ ಹಿಂದೆ, ಮೆಟ್ಟಿಲ ಸಂದಿಯಲ್ಲಿ, ಕೊನೆಗೆ ಹೊರಗಿನ ಬಯಲಿನಲ್ಲಿ ಬಚ್ಚಿಡಬಹುದು. ಗಾಳಿಯ ದಿಕ್ಕು ನೋಡಿ ಅದು ಬೀಸಿಹೋಗುವ ಕಡೆಯಿಂದ ನಾಯಿಯನ್ನು ಕರೆತಂದರೆ, ಬಯಲಿನ ನಾಯಿ ತಲೆ ತಿರುಗಿಸುವಂತೆಯೇ ಇದೂ ಗಕ್ಕನೆ ತಿರುಗುವುದು ಕಾಣಸಿಗುತ್ತದೆ. ಕಾಡುಹಕ್ಕಿಯ ಗರಿಗಳನ್ನು ಈ ಆಟಕ್ಕೆ ಕೂಡಿಡಬಾರದು, ಅದಕ್ಕೂ ಕಾನೂನಿನ ತೊಡಕಿದೆ.

ಮನೆಯವರೆಲ್ಲ ಒಂದೇ ಮಾತು ಬಳಸುವುದು ಅಗತ್ಯ. ಅಜ್ಜಿ ‘ನಿಲ್ಲೋ’ ಎಂದು, ಮೊಮ್ಮಗ ‘ಸ್ಟೇ’ ಎಂದು, ಅಪ್ಪ ಬರಿಯ ‘ಏಯ್’ ಎಂದರೆ ಮರಿಗೆ ಯಾವುದೂ ನಾಟುವುದಿಲ್ಲ. ಪಾಠ ಒಂದು ಹೊತ್ತಿಗೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ, ಮರಿಗೆ ಬೇಸರ ಬರುವ ಮೊದಲೇ ಮುಗಿಸಬೇಕು. ಪಾಠದ ಜೊತೆಗೆ ಓಟವೂ ಬೇಕು. ದಿನವಿಡೀ ಗುಡ್ಡ ಸುತ್ತಲೆಂದು ಬೆಳೆಸಿದ ತಳಿಯಿದು. ಬೆಳೆದ ನಾಯಿಗೆ ಬೆಳಿಗ್ಗೆ ಸಂಜೆ ಸೇರಿ ಒಂದೆರಡು ಗಂಟೆ ಓಡಾಟ ಸಿಗದಿದ್ದರೆ ಸೋಫಾ ಹರಿಯುತ್ತದೆ, ಬೊಗಳಿ ಅಕ್ಕಪಕ್ಕದವರ ನಿದ್ದೆ ಕೆಡಿಸುತ್ತದೆ. ಅಷ್ಟು ಹೊತ್ತು ಕೊಡಲಾಗದ ಮನೆಗೆ ಪಾಯಿಂಟರ್ ಸರಿಯಾದ ಆಯ್ಕೆಯಲ್ಲ, ಮರಿ ಎಷ್ಟೇ ಮುದ್ದಾಗಿದ್ದರೂ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಓಟ ಮುಗಿಯಬೇಕು. ಹುಲ್ಲಿನಲ್ಲಿ ಓಡಿ ಬಂದ ಮೇಲೆ ಕಿವಿಯ ಒಳಗೆ, ಬೆರಳಸಂದಿಯಲ್ಲಿ ಉಣ್ಣೆ ಹತ್ತಿದೆಯೇ ಎಂದು ಪ್ರತಿದಿನವೂ ಕೈಯಾಡಿಸಿ ನೋಡಬೇಕು. ಉಣ್ಣೆಯಿಂದ ಬರುವ ಜ್ವರ ಬೆಂಗಳೂರಿನ ನಾಯಿಗಳಲ್ಲಿ ಸಾಮಾನ್ಯ. ನಿಲುವು, ಕರೆ, ಹುಡುಕಾಟ ಮೂರೂ ಗಟ್ಟಿಯಾಗಲು ಮರಿಗೆ ಒಂದೂವರೆ ಎರಡು ವರ್ಷವಾದರೂ ತುಂಬಬೇಕು.